ಮೊದಲು ಮ್ಯಾಟ್ ನೋಡಿ, ಆಮೇಲೆ ಬ್ಲೇಡ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಅರ್ಧ ಜನರ ಮನೆಗೆ, ಚಿತ್ರದ ಗೆರೆ ಹಿಡಿದು ಕಾಗದ ಕತ್ತರಿಸುವ ಕಟಿಂಗ್ ಮಷಿನ್ ಆಗಲೇ ಬಂದಿದೆ, ಉಳಿದವರು ಕೊಳ್ಳುವ ಯೋಚನೆಯಲ್ಲಿದ್ದೀರಿ. ಯಾವ ಕಂಪನಿಯದು, ಕ್ರಿಕಟ್ ತಗೊಳ್ಳೋದಾ, ಸಿಲೂಯೆಟ್ ತಗೊಳ್ಳೋದಾ ಎಂಬ ಪ್ರಶ್ನೆ ಕೊನೆಗಿರಲಿ. ಅಂದಹಾಗೆ, ಮೊದಲನೆಯದರ ಉಚ್ಚಾರ ಕ್ರಿಕೆಟ್ ಎಂದೇ. ‘ಕ್ರಿಕೆಟ್ ತಗೊಳ್ತೀನಿ’ ಅಂದಾಗ ಮನೆಯವರು ಬ್ಯಾಟ್ ಎಲ್ಲಿ ಅಂತ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಇವತ್ತು ಹೇಳಬೇಕಾದ ಮಾತು ಒಂದೇ. ಕಾಗದ ಸರಿಯಾಗಿ ಕಟ್ ಆಗದಿದ್ದರೆ ನಮ್ಮ ಕೈ ಮೊದಲು ಹೋಗುವುದು ಒತ್ತಡ ಹೆಚ್ಚಿಸುವ ಬಟನ್‌ಗೆ. ಅಲ್ಲಿಗೆ ಹೋಗಬೇಡಿ. ಮೊದಲು ಮ್ಯಾಟ್ ನೋಡಿ, ಅಂದರೆ ಕಾಗದವನ್ನು ಅಂಟಿಸಿ ಯಂತ್ರಕ್ಕೆ ಕೊಡುವ ಆ ಅಂಟಿನ ಹಾಳೆಯನ್ನು.

ಯಾಕೆ ಅಂತ ತಿಳಿಯಬೇಕಾದರೆ ಬ್ಲೇಡ್ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿರಬೇಕು. ಆಫೀಸ್ ಕುರ್ಚಿಯ ಗಾಲಿ ನೆನಪಿಸಿಕೊಳ್ಳಿ. ಕುರ್ಚಿ ಯಾವ ಕಡೆ ಎಳೆದರೂ ಗಾಲಿ ತಾನೇ ತಿರುಗಿ ಹಿಂದೆ ಬರುತ್ತದೆ. ಈ ಬ್ಲೇಡೂ ಹಾಗೆಯೇ. ಅದರ ತುದಿ ನಡುವಿನ ಅಕ್ಷದಿಂದ ಕೂದಲೆಳೆಯಷ್ಟು ಪಕ್ಕಕ್ಕಿದೆ. ಅದನ್ನು ತಿರುಗಿಸಲು ಬೇರೆ ಮೋಟಾರ್ ಇಲ್ಲ, ಕಾಗದದ ಮೇಲೆ ಎಳೆಯುತ್ತಿದ್ದಂತೆ ತಾನೇ ತಿರುಗುತ್ತದೆ. ಅಂದರೆ ಬ್ಲೇಡ್ ಇಡೀ ಹೊತ್ತು ಕಾಗದವನ್ನು ಜಗ್ಗುತ್ತಲೇ ಇರುತ್ತದೆ. ಕಾಗದ ಅರ್ಧ ಮಿಲಿಮೀಟರ್ ಜರುಗಿದರೂ ಮೂಲೆ ಹರಿಯುತ್ತದೆ, ಗೆರೆ ಶುರುವಾದ ಕಡೆಗೇ ಬಂದು ಸೇರುವುದಿಲ್ಲ. ಮೂಲೆಗಳಲ್ಲಿ ಮಾತ್ರ ಹರಿಯುತ್ತಿದ್ದರೆ ಸಾಮಾನ್ಯವಾಗಿ ಎರಡು ಕಾರಣ: ಮ್ಯಾಟಿನ ಅಂಟು ಸತ್ತಿದೆ, ಇಲ್ಲವೇ ಬ್ಲೇಡಿನ ತುದಿಗೆ ಕಾಗದದ ನಾರು ಸಿಕ್ಕಿ ಅದು ತಿರುಗುತ್ತಿಲ್ಲ. ಎರಡಕ್ಕೂ ಒತ್ತಡ ಹೆಚ್ಚಿಸುವುದು ಮದ್ದಲ್ಲ.

ಕ್ರಿಕಟ್ ಮ್ಯಾಟ್‌ಗಳಲ್ಲಿ ನೀಲಿಯದು ಕಡಿಮೆ ಅಂಟಿನದು, ಹಸಿರು ಮಧ್ಯಮ, ನೇರಳೆ ಗಟ್ಟಿ. ಜೆರಾಕ್ಸ್ ಕಾಗದ ಸಾಮಾನ್ಯವಾಗಿ 75 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 75 ಗ್ರಾಂ, ಅದಕ್ಕೆ ನೀಲಿ. 200ರಿಂದ 220 ಜಿಎಸ್‌ಎಂನ ಗಟ್ಟಿ ಕಾಗದ, ಅಂದರೆ ಕಾರ್ಡ್‌ಸ್ಟಾಕ್‌ಗೆ ಹಸಿರು. ಹೊಸ ಹಸಿರು ಮ್ಯಾಟ್ ಮೇಲೆ ತೆಳು ಕಾಗದ ಹಾಕಿದರೆ ಬಿಡಿಸುವಾಗ ಚಿಂದಿಯಾಗುತ್ತದೆ. ಅದರ ಮೇಲೆ ಒಗೆದ ಹತ್ತಿ ಬಟ್ಟೆಯನ್ನು ನಾಲ್ಕೈದು ಸಲ ಒತ್ತಿ ತೆಗೆಯಿರಿ, ಅಂಟು ಹದಕ್ಕೆ ಬರುತ್ತದೆ. ಕಾಗದ ಹಾಕಿದ ಮೇಲೆ ಅಂಗೈಯಲ್ಲಿ ಸವರಿದರೆ ಸಾಲದು, ರೋಲರ್ ಓಡಿಸಿ. ರೋಲರ್ ಇಲ್ಲದಿದ್ದರೆ ಲಟ್ಟಣಿಗೆ ಸಾಕು, ಹಿಟ್ಟು ಒರೆಸಿರಬೇಕು ಅಷ್ಟೆ. 12 ಇಂಚಿನ ಮ್ಯಾಟ್ ಮೇಲೆ ಎ4 ಹಾಳೆ ಪೂರ್ತಿ ಕೂರುತ್ತದೆ, ಆದರೆ ಕಟ್ ಆಗುವ ಜಾಗ 11.5 ಇಂಚು, ಅಂದರೆ 292 ಮಿಲಿಮೀಟರ್. ಎ4 ಉದ್ದ 297. ಹಾಗಾಗಿ ಚಿತ್ರವನ್ನು 280ರ ಒಳಗೇ ಇಟ್ಟುಕೊಳ್ಳಿ.

ಇನ್ನು ಪರೀಕ್ಷಾ ಕಟ್. ಹಾಳೆಯ ಮೂಲೆಯಲ್ಲಿ 1 ಸೆಂಟಿಮೀಟರ್ ಚೌಕ, ಅದರೊಳಗೊಂದು ತ್ರಿಕೋನ. ಕೊಕ್ಕೆಯಲ್ಲಿ ಎತ್ತಿದರೆ ತ್ರಿಕೋನ ತಾನಾಗಿ ಬರಬೇಕು. ಆಮೇಲೆ ಅದರ ಕೆಳಗಿನ ಮ್ಯಾಟ್ ನೋಡಿ. ಉಗುರು ಗೀರಿದಷ್ಟು ಗುರುತಿದ್ದರೆ ಒತ್ತಡ ಸರಿ. ಗಾಡಿ ಚಕ್ರ ಹೋದಂತೆ ಜಾಡು ಬಿದ್ದಿದ್ದರೆ ಒತ್ತಡ ಹೆಚ್ಚಾಯಿತು, ಮ್ಯಾಟೂ ಹಾಳು, ಬ್ಲೇಡೂ ಹಾಳು. ಪ್ರತಿ ಹೊಸ ಹಾಳೆಗೂ ಇದನ್ನು ಮಾಡಿ. ಒಂದೇ ಅಂಗಡಿಯ, ಒಂದೇ ಜಿಎಸ್‌ಎಂನ ಕೆಂಪು ಹಾಳೆ ಮತ್ತು ಕಪ್ಪು ಹಾಳೆ ಕೂಡ ಒಂದೇ ಥರ ಕಟ್ ಆಗಬೇಕೆಂದಿಲ್ಲ. ಜಿಎಸ್‌ಎಂ ಹೇಳುವುದು ತೂಕವನ್ನು, ದಪ್ಪವನ್ನಲ್ಲ.

ಈಗ ಕನ್ನಡಕ್ಕೆ ಬರೋಣ. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ತಗೊಳ್ಳುತ್ತೇನೆ, ಯಾಕೆಂದರೆ ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಇದು ಸಿಗುವುದಿಲ್ಲ. ಎಲ್ಲರೂ ಮೊದಲು ಕತ್ತರಿಸಲು ಹೊರಡುವುದು ‘ಶ್ರೀ’. ಕಟಿಂಗ್ ಸಾಫ್ಟ್‌ವೇರಿನಲ್ಲೇ ಟೈಪ್ ಮಾಡಿದಾಗ ಒತ್ತಕ್ಷರ ಒಡೆದು ಶಕಾರ ಒಂದು ಕಡೆ, ರಕಾರ ಒಂದು ಕಡೆ ಕಂಡರೆ ಅಲ್ಲಿ ಗುದ್ದಾಡಬೇಡಿ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಫಾಂಟ್ ‘ಬಾಲೂ ತಮ್ಮ’ದಂಥ ದಪ್ಪನೆಯದಿರಲಿ. ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಕೊಟ್ಟು, ಅನ್‌ಗ್ರೂಪ್ ಮಾಡಿ, ಯೂನಿಯನ್ ಕೊಟ್ಟು, ಎಸ್‌ವಿಜಿ ಎಂಬ ಗೆರೆಚಿತ್ರದ ಫೈಲಾಗಿ ಉಳಿಸಿ. ಯೂನಿಯನ್ ಮರೆತರೆ ಅಕ್ಷರದ ಭಾಗಗಳು ಒಂದರ ಮೇಲೊಂದು ಬಂದ ಕಡೆಯೆಲ್ಲ ಬ್ಲೇಡ್ ಒಳಗೂ ಗೆರೆ ಹೊಡೆಯುತ್ತದೆ. ಅಕ್ಷರ ತುಂಡು ತುಂಡಾಗಿ ಕೈಗೆ ಬರುತ್ತದೆ.

ಮುಂದಿನ ಪೇಚು ನಮ್ಮ ಲಿಪಿಯದೇ. ‘ಪಾಠ’ ಎಂದು ಕತ್ತರಿಸಿ. ಠಕಾರದ ನಡುವಿನ ಚುಕ್ಕಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಬೇರೆಯಾಗಿ ಬೀಳುತ್ತದೆ, ಕಸದ ಜೊತೆ ಹೋಗುತ್ತದೆ, ಗೋಡೆಗೆ ಅಂಟಿಸುವಾಗ ಹುಡುಕಿದರೆ ಸಿಗುವುದಿಲ್ಲ. ‘ಕನ್ನಡ’ದ ಒತ್ತು ಕೆಲವು ಫಾಂಟ್‌ಗಳಲ್ಲಿ ಮೇಲಿನ ನಕಾರವನ್ನು ಮುಟ್ಟುವುದೇ ಇಲ್ಲ, ಅದೂ ಬೇರೆ. ಪರಿಹಾರ ಸುಲಭ. ಅಕ್ಷರಗಳ ಸುತ್ತ 3 ಮಿಲಿಮೀಟರ್ ಹೊರಗೆ ಇನ್ನೊಂದು ಗೆರೆ ಬರುವಂತೆ ಆಫ್‌ಸೆಟ್ ಕೊಟ್ಟು ಅದನ್ನು ಬೇರೆ ಬಣ್ಣದಲ್ಲಿ ಕತ್ತರಿಸಿ. ಅದರ ಮೇಲೆ ಒತ್ತು, ಚುಕ್ಕಿ ಎಲ್ಲವನ್ನೂ ಅಂಟಿಸಿ. ರಂಗೋಲಿಗೋ ಗೋಡೆಗೋ ಸ್ಟೆನ್ಸಿಲ್ ಮಾಡುವಾಗ ಕಷ್ಟ ಉಲ್ಟಾ. ರಕಾರದ ಹೊಟ್ಟೆ, ಸೊನ್ನೆಯ ನಡು ಬಿದ್ದುಹೋಗುತ್ತವೆ. ಅಲ್ಲಿ 2 ಮಿಲಿಮೀಟರ್ ಅಗಲದ ಸೇತುವೆ, ಅಂದರೆ ಕತ್ತರಿಸದೆ ಬಿಟ್ಟ ಕಾಗದದ ಪಟ್ಟಿ, ನೀವೇ ಹಾಕಬೇಕು. ಮಥುರಾ, ವೃಂದಾವನದ ಸಾಂಝಿ ಕಲಾವಿದರು ಕತ್ತರಿಯಿಂದ ಕಾಗದದ ಅಚ್ಚು ಮಾಡುವಾಗ ನವಿಲಿನ ಗರಿ ಗರಿಗೂ ಇಂಥ ಸೇತುವೆ ಬಿಡುತ್ತಾರೆ. ಒಮ್ಮೆ ಹತ್ತಿರದಿಂದ ನೋಡಿ, ಸೇತುವೆಯೇ ಚಿತ್ರದ ಅಂದವಾಗಿರುತ್ತದೆ.

ಹತ್ತು ನಿಮಿಷ ಉಳಿದಿದೆ ಎಂದು ಚೀಟಿ ಬಂತು. ಬೇಗ ಬೇಗ ಹೇಳುತ್ತೇನೆ.

ಕಟ್ ಆದ ಮೇಲೆ ಕಾಗದವನ್ನು ಮ್ಯಾಟಿನಿಂದ ಕೀಳಬೇಡಿ, ಸುರುಳಿ ಸುತ್ತುತ್ತದೆ. ಮ್ಯಾಟನ್ನು ಮೇಜಿನ ಮೇಲೆ ಬೋರಲು ಹಾಕಿ, ಕಾಗದವನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಮ್ಯಾಟನ್ನೇ ಮೇಲಕ್ಕೆ ಬಾಗಿಸಿ ಎತ್ತಿ. ದೋಸೆ ಎಬ್ಬಿಸಿದ ಹಾಗೆ ಕಾಗದ ಅಂಚಿನಿಂದ ಬಿಡುತ್ತಾ ಬರುತ್ತದೆ.

ಬ್ಲೇಡ್ ತುದಿಯ ನಾರು ತೆಗೆಯಲು ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ಬ್ಲೇಡ್ ಹೊರಗೆ ಬರುವಂತೆ ಒತ್ತಿ ಹದಿನೈದಿಪ್ಪತ್ತು ಸಲ ಚುಚ್ಚಿ. ಕಾಗದದ ಮ್ಯಾಟ್ ಜಿಡ್ಡಾದರೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಬ್ರಷ್. ಬಟ್ಟೆಯಲ್ಲಿ ಒರೆಸದೆ ಗಾಳಿಗೆ ಒಣಗಿಸಿ.

ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯವರು ಕೇಳಿ: ಕಾಗದ ತೇವ ಕುಡಿದರೆ ಕಟ್ ಆಗುವ ಬದಲು ಪಿಸಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹ್ಯಾಂಡ್‌ಮೇಡ್ ಕಾಗದದ ನಾರು ಉದ್ದ. ವೇಗ ಇಳಿಸಿ, ಕಡಿಮೆ ಒತ್ತಡದಲ್ಲಿ ಎರಡು ಸಲ ಓಡಿಸಿ.

ಯಾವ ಯಂತ್ರ? ಗ್ರೀಟಿಂಗ್ ಕಾರ್ಡ್, ಹೆಸರಿನ ಚೀಟಿ ಅಷ್ಟೇ ಆದರೆ ನಾಲ್ಕೂವರೆ ಇಂಚಿನ ಕ್ರಿಕಟ್ ಜಾಯ್ ಸಾಕು. ತೋರಣ, ಮಂಟಪದ ಅಲಂಕಾರಕ್ಕೆ 12 ಇಂಚಿನದೇ ಬೇಕು. ಕೈಯಲ್ಲಿ ಚೆನ್ನಾಗಿ ರಂಗೋಲಿ ಬರೆಯುವವರು ಬ್ರದರ್ ಸ್ಕ್ಯಾನ್‌ಎನ್‌ಕಟ್ ನೋಡಿ. ಅದರಲ್ಲೇ ಸ್ಕ್ಯಾನರ್ ಇದೆ, ಬರೆದ ಹಾಳೆ ಒಳಗಿಟ್ಟರೆ ಗೆರೆ ಹಿಡಿದು ಕತ್ತರಿಸುತ್ತದೆ, ಕಂಪ್ಯೂಟರ್ ಬೇಕಿಲ್ಲ.

ಆ ಮೇಜಿನ ಮೇಲೆ ಎರಡು ಹಸಿರು ಮ್ಯಾಟ್ ಇವೆ, ಒಂದು ಹೊಸದು, ಒಂದು ಅಂಟು ಸತ್ತದ್ದು. ಪಕ್ಕದಲ್ಲಿ ಒಂದೇ ಬ್ಲೇಡ್, ಒಂದೇ ಸೆಟ್ಟಿಂಗ್‌ನಲ್ಲಿ ಅವೆರಡರ ಮೇಲೂ ಕತ್ತರಿಸಿದ ‘ಶ್ರೀ’ ಇದೆ. ಚಹಾಕ್ಕೆ ಹೋಗುವ ಮೊದಲು ಮುಟ್ಟಿ ನೋಡಿ.