ಕಾವಲು ಯಾರದು?

ನಮಸ್ಕಾರ. ಬೆಂಗಳೂರಿನಿಂದ ಮಾಗಡಿಯ ಕಡೆ ಹೊರಟರೆ, ಆ ತಾಲ್ಲೂಕಿನಲ್ಲಿ ಕಲ್ಯ ಎಂಬ ಹಳ್ಳಿ ಸಿಗುತ್ತದೆ. ಅಲ್ಲೊಂದು ಶಾಸನವಿದೆ, 1368ನೆಯ ಇಸವಿಯದು. ಎರಡು ಮತದವರ ಜಗಳಕ್ಕೆ ದೊರೆಯೊಬ್ಬ ಕೊಟ್ಟ ತೀರ್ಪು ಅದರಲ್ಲಿದೆ. ಅದೇ ತೀರ್ಪು ಶ್ರವಣಬೆಳಗೊಳದ ಕಲ್ಲಿನ ಮೇಲೂ ಇದೆ. ಮತದ ಹೆಸರಿನಲ್ಲಿ ನಡೆಯುವ ಹಿಂಸೆಯ ಬಗ್ಗೆ ಮಾತು ಬಂದಾಗಲೆಲ್ಲ ಮೊದಲ ಕಲ್ಲು ಎಸೆದವರು ಯಾರು ಎಂದೇ ನಾವು ಜಗಳವಾಡುತ್ತೇವೆ. ಆ ಕಲ್ಲು ಬೀಳುವ ಮೊದಲು ಅಧಿಕಾರ ಹಿಡಿದವರು ಏನು ಮಾಡುತ್ತಿದ್ದರು ಎಂದು ನಾನು ಇವತ್ತು ಕೇಳಬೇಕೆಂದಿದ್ದೇನೆ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಯ ಮೊದಲಾದ ಕಡೆಯ ಜೈನರು ವಿಜಯನಗರದ ಬುಕ್ಕರಾಯನ ಬಳಿಗೆ ಹೋದರು. ಶ್ರೀವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆ ಎಂಬುದು ಅವರ ದೂರು. ವಿವಾದದ ವಿಷಯವೇನು ಗೊತ್ತೇ? ಪಂಚಮಹಾವಾದ್ಯ ಮತ್ತು ಕಳಶ. ಯಾರು ವಾದ್ಯ ಬಾರಿಸಬಹುದು, ಯಾರಿಗೆ ಯಾವ ಮರ್ಯಾದೆ ಸಲ್ಲಬೇಕು ಎಂಬ ಜಗಳ. ಮೆರವಣಿಗೆ, ಧ್ವನಿವರ್ಧಕಗಳ ಹೆಸರಿನಲ್ಲಿ ನಾವು ಇಂದಿಗೂ ಆಡುತ್ತಿರುವ ಜಗಳವೇ ಅದು.

ಬುಕ್ಕರಾಯ ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಎಂದು ಘೋಷಿಸಿದ. ಜೈನರಿಗೆ ವಾದ್ಯವೂ ಕಳಶವೂ ಹಿಂದಿನಂತೆಯೇ ಸಲ್ಲುತ್ತವೆ, ಅವರಿಗೆ ಆದ ಹಾನಿಯನ್ನು ವೈಷ್ಣವರು ತಮಗೇ ಆದ ಹಾನಿಯೆಂದು ಬಗೆಯಬೇಕು ಎಂದ. ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಲ್ಲಿನ ವಿಷಯ ಎತ್ತುತ್ತಲೇ ಇರಲಿಲ್ಲ. ಸೌಹಾರ್ದದ ಹೇಳಿಕೆಗಳನ್ನು ನಾವೆಲ್ಲ ಸಾಕಷ್ಟು ಕೇಳಿದ್ದೇವೆ. ಆದರೆ ಈ ಶಾಸನ ಮುಂದಕ್ಕೂ ಹೋಗುತ್ತದೆ. ಜೈನರ ಮನೆಮನೆಯಿಂದ ವರ್ಷಕ್ಕೊಂದು ‘ಹಣ’ (ಆಗಿನ ನಾಣ್ಯ) ಎತ್ತಬೇಕು. ಅದರಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣ ಬಸದಿಗಳಿಗೆ ಸುಣ್ಣ ಹೊಡೆಸಬೇಕು ಎಂದು ಶಾಸನ ವಿಧಿಸುತ್ತದೆ. ಈ ಹೊಣೆ ಬಿದ್ದದ್ದು ತಿರುಮಲೆಯ ತಾತಯ್ಯನ ಮೇಲೆ. ಆತ ಶ್ರೀವೈಷ್ಣವ! ದೂರು ಯಾರ ಮೇಲಿತ್ತೋ ಅವರ ಕಡೆಯವನನ್ನೇ, ಹೆಸರು ಹಿಡಿದು, ಕಾವಲಿಗೆ ಹೊಣೆ ಮಾಡಿದರು. ತಪ್ಪಿ ನಡೆದವನು ರಾಜದ್ರೋಹಿ.

ಅದಕ್ಕೆ ಇನ್ನೂರು ವರ್ಷ ಹಿಂದೆ ಕಲ್ಯಾಣದಲ್ಲಿ ಬಿಜ್ಜಳ ದೊರೆಯಾಗಿದ್ದ. ಅಬ್ಬಲೂರಿನಲ್ಲಿ ಶಿವಭಕ್ತ ಏಕಾಂತದ ರಾಮಯ್ಯ ಜಿನಬಿಂಬ ಒಡೆದ ಪ್ರಸಂಗವನ್ನು ಆ ಊರಿನ ಶಾಸನವೇ ಹೇಳುತ್ತದೆ. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟ. ಹರಳಯ್ಯ ಮತ್ತು ಮಧುವರಸರ ಮಕ್ಕಳು ಜಾತಿ ಮೀರಿ ಮದುವೆಯಾದಾಗ, ಸಂಪ್ರದಾಯಸ್ಥರ ಕೂಗಿಗೆ ಮಣಿದು ಆ ತಂದೆಯರಿಗೆ ಘೋರ ಶಿಕ್ಷೆ ಕೊಟ್ಟವನೂ ಅವನೇ ಎನ್ನುತ್ತದೆ ಶರಣ ಪರಂಪರೆ. ಎರಡೂ ಸಲ ದೊರೆ ವಾಲಿದ್ದು ಜೋರಾಗಿ ಕೂಗಿದವರ ಕಡೆಗೆ.

ಈಗ ನಮ್ಮ ಬೆಂಗಳೂರಿಗೆ ಬನ್ನಿ. 1928ರಲ್ಲಿ ಸುಲ್ತಾನ್‌ಪೇಟೆಯ ಶಾಲೆಯೊಂದರ ಗಣೇಶ ವಿಗ್ರಹದ ಸುತ್ತ ಗಲಭೆ ಹಬ್ಬಿತು. ವಿಚಾರಣೆಗೆ ವಿಶ್ವೇಶ್ವರಯ್ಯನವರೇ ಬರಬೇಕಾಯಿತು. 1986ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದ ಸಣ್ಣಕಥೆ, 1994ರಲ್ಲಿ ದೂರದರ್ಶನದ ಹತ್ತು ನಿಮಿಷದ ಉರ್ದು ವಾರ್ತೆ, 2020ರ ಆಗಸ್ಟ್ 11ರ ರಾತ್ರಿ ಒಂದು ಫೇಸ್‌ಬುಕ್ ಬರಹ. ಕಿಡಿಗಳು ಎಷ್ಟು ಸಣ್ಣವು ನೋಡಿ. 1986ರಿಂದ ಈಚಿನ ಈ ಮೂರೂ ಸಲ ಹೆಣಗಳು ಬಿದ್ದವು, ಸಮಿತಿ, ವರದಿ, ಪರಿಹಾರ ಎಲ್ಲವೂ ಆಮೇಲೆ ಬಂದವು. ಯಾವ ಕೋಮೂ ಇಲ್ಲಿ ಕೈ ತೊಳೆದುಕೊಂಡು ಕೂರುವಂತಿಲ್ಲ. ಆದರೆ 2020ರ ಆ ರಾತ್ರಿಯೇ ಡಿ.ಜೆ. ಹಳ್ಳಿಯಲ್ಲಿ ಕೆಲವು ಮುಸ್ಲಿಂ ಯುವಕರು ದೇವಸ್ಥಾನವೊಂದರ ಸುತ್ತ ಕೈಕೈ ಹಿಡಿದು ನಿಂತರು. ಶಾಸನ ಓದಿ ಅವರು ಅಲ್ಲಿಗೆ ಬಂದಿರಲಿಕ್ಕಿಲ್ಲ. ಆದರೆ ಬುಕ್ಕರಾಯ ಕಾನೂನಿನಿಂದ ಮಾಡಿಸಿದ ಕೆಲಸವನ್ನು ಅವರು ತಾವಾಗಿಯೇ ಮಾಡಿದರು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಎಂ.ಎಂ. ಕಲಬುರ್ಗಿಯವರ ಪ್ರಸಂಗ. ಇಂಥ ಶಾಸನಗಳನ್ನು ಓದುತ್ತಲೇ ಜೀವ ಸವೆಸಿದ ವಿದ್ವಾಂಸರು ಅವರು. 1989ರಲ್ಲಿ ಸ್ವಂತ ಸಮುದಾಯದ ಒತ್ತಡಕ್ಕೆ ತಾವು ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. ಆಗ ಅವರ ಬೆನ್ನಿಗೆ ನಿಲ್ಲಬೇಕಿದ್ದ ಸರ್ಕಾರ, ವಿದ್ವತ್ತು, ಓದುಗರು ಎಲ್ಲಿದ್ದರು? 2015ರ ಆಗಸ್ಟ್ 30ರಂದು ಧಾರವಾಡದ ಮನೆಬಾಗಿಲಲ್ಲೇ ಅವರಿಗೆ ಗುಂಡು ಹೊಡೆದರು. ಎರಡು ವರ್ಷದ ನಂತರ, ಸೆಪ್ಟೆಂಬರ್ 5ರಂದು, ನಮ್ಮ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ಅವರ ಕೊಲೆಯಾಯಿತು. ಎರಡೂ ಕಡೆ ಬಳಕೆಯಾದದ್ದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. 2024ರಲ್ಲಿ ಗೌರಿ ಪ್ರಕರಣದ ಹಲವು ಆರೋಪಿಗಳಿಗೆ ಜಾಮೀನು ಸಿಕ್ಕಿತು. ಜಾಮೀನು ಕಾನೂನಿನ ಹಕ್ಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ವಿಜಯಪುರದಲ್ಲಿ ಅವರಲ್ಲಿ ಇಬ್ಬರಿಗೆ ಹಾರ ಹಾಕಿ ಸನ್ಮಾನ ಮಾಡಿದರಲ್ಲ, ಅದು ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು. ಅಂದು ಬಿಜ್ಜಳ ಕೊಟ್ಟ ಜಯಪತ್ರವನ್ನು ಇಂದು ಬೀದಿಯ ಜನರೇ ಕೊಡುತ್ತಿದ್ದಾರೆ.

ಹಬ್ಬಕ್ಕೆ ಮುಂಚೆ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಭೆ ನಡೆಯುತ್ತದೆ. ಎರಡೂ ಕಡೆಯ ಮುಖಂಡರು ಕೈ ಕುಲುಕುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಮುಂದಿನ ಸಭೆಯಲ್ಲಿ ನಿಮ್ಮ ಬಡಾವಣೆಯವರು ಒಂದು ಬೇಡಿಕೆ ಇಡಲಿ. ಗಣೇಶನ ಮೆರವಣಿಗೆ ಮಸೀದಿಯ ಮುಂದೆ ಹಾಯುವಾಗ ಆ ಮಸೀದಿಯ ಕಾವಲಿಗೆ ಗಣೇಶ ಸಮಿತಿಯ ಯಾರು ನಿಲ್ಲುತ್ತಾರೆ? ಮಿಲಾದ್ ಮೆರವಣಿಗೆ ದೇವಸ್ಥಾನದ ಬೀದಿಗೆ ಬಂದಾಗ ಮಸೀದಿ ಸಮಿತಿಯ ಯಾರು ನಿಲ್ಲುತ್ತಾರೆ? ಹೆಸರು ಬರೆಸಿ, ಸಹಿ ಹಾಕಿಸಿ, ಆ ಹಾಳೆಯನ್ನು ಠಾಣೆಯ ಗೋಡೆಗೆ ಅಂಟಿಸಿ.