ತೈತಾ ಬೆಟ್ಟ ಹತ್ತದೆ ಬರಬೇಡಿ

ಕೇಳುಗರಿಗೆ ನಮಸ್ಕಾರ.

ಕೆನ್ಯಾಕ್ಕೆ ಹೋಗಿ ಬಂದವರನ್ನು ಮಾತಾಡಿಸಿ ನೋಡಿ. ಮಸಾಯ್ ಮಾರ ಅನ್ನುತ್ತಾರೆ, ಮೊಂಬಾಸಾದ ಕಡಲು ಅನ್ನುತ್ತಾರೆ. ನೈರೋಬಿಯಿಂದ ಮೊಂಬಾಸಾಕ್ಕೆ ಹೋಗುವ ದಾರಿಯಲ್ಲಿ ವೊಯ್ ಅಂತ ಒಂದು ಊರಿದೆ. ಪ್ರವಾಸಿಗರು ಅಲ್ಲಿ ಇಳಿದರೂ ಆನೆ ನೋಡಿ, ಫೋಟೋ ತೆಗೆದುಕೊಂಡು ಹೊರಟುಬಿಡುವುದೇ ಜಾಸ್ತಿ. ಆ ವೊಯ್ ಇರುವ ಹಳ್ಳಿಗಾಡಿನ ಜಿಲ್ಲೆಯ ಹೆಸರು ತೈತಾ-ತವೇತಾ. ಈಗ ಅದನ್ನು ಕೌಂಟಿ ಎನ್ನುತ್ತಾರೆ. ಕೆಳಗೆ ಒಣ ಬಯಲು, ಮೇಲೆ ತಣ್ಣನೆಯ ಬೆಟ್ಟ. ಬಯಲನ್ನಷ್ಟೇ ನೋಡಿ ಬಂದರೆ ಅನ್ನ ಸಾರಿಗೇ ಎಲೆ ಬಿಟ್ಟು ಎದ್ದ ಹಾಗೆ.

ಮೊದಲು ಬಯಲು. ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ನೆಲ ತ್ಸಾವೊ ಕಾಡಿಗೇ ಸೇರಿದೆ. 1948ರಲ್ಲಿ ಆದ ರಾಷ್ಟ್ರೀಯ ಉದ್ಯಾನ ಇದು. ಪೂರ್ವ, ಪಶ್ಚಿಮ ಎರಡೂ ಸೇರಿ 20,000 ಚದರ ಕಿಲೋಮೀಟರ್ ದಾಟುತ್ತದೆ. ನಮ್ಮ ಬಂಡೀಪುರ 1,000 ಚದರ ಕಿಲೋಮೀಟರ್ ಕೂಡ ಇಲ್ಲ. ಹಾಗಾಗಿ ತಿರುವಿಗೊಂದು ಪ್ರಾಣಿ ಸಿಗುತ್ತದೆ ಅಂದುಕೊಂಡು ಹೋಗಬೇಡಿ. ಗಂಟೆಗಟ್ಟಲೆ ಬರೀ ಮುಳ್ಳುಗಿಡ, ಕೆಂಪು ಧೂಳು. ಆಮೇಲೆ ಇದ್ದಕ್ಕಿದ್ದಂತೆ ಇಟ್ಟಿಗೆ ಬಣ್ಣದ ಆನೆ ಹಿಂಡು ಎದುರಾಗುತ್ತದೆ. ಅವು ಬೇರೆ ಜಾತಿಯೇನಲ್ಲ. ಅಲ್ಲಿನ ಕೆಂಪು ಮಣ್ಣನ್ನು ಮೈಗೆ ಎರಚಿಕೊಂಡು ಹಾಗಾಗಿವೆ ಅಷ್ಟೇ.

ಪಶ್ಚಿಮ ತ್ಸಾವೊದಲ್ಲಿ ಮ್ಜಿಮಾ ಎಂಬ ಚಿಲುಮೆಗಳಿವೆ. ದೂರದ ಚ್ಯೂಲು ಬೆಟ್ಟದ ಮೇಲೆ ಬಿದ್ದ ಮಳೆ ಅಲ್ಲಿನ ಲಾವಾ ಕಲ್ಲಿನೊಳಗೆ ಇಳಿದು, ನೆಲದಡಿಯಲ್ಲೇ ಸೋಸಿಕೊಂಡು ಬಂದು ಇಲ್ಲಿ ಉಕ್ಕುತ್ತದೆ. ತಿಳಿನೀರು, ಅದರಲ್ಲಿ ನೀರಾನೆ. ಈ ನೀರು ಕೊಳವೆಯಲ್ಲಿ ಮೊಂಬಾಸಾದವರೆಗೂ ಹೋಗುತ್ತದೆ.

ತ್ಸಾವೊ ನದಿಯ ಸೇತುವೆಗೂ ಭಾರತಕ್ಕೂ ನಂಟಿದೆ. 1896ರಿಂದ 1901ರವರೆಗೆ ಬ್ರಿಟಿಷರು ಇಲ್ಲಿ ರೈಲು ಹಳಿ ಹಾಕಿಸಿದರು. ಅದಕ್ಕೆ ಭಾರತದಿಂದ 30,000ಕ್ಕೂ ಜಾಸ್ತಿ ಕೂಲಿಗಳನ್ನು ಕರೆದೊಯ್ದರು, ಬಹುಪಾಲು ಪಂಜಾಬಿನವರು. 1898ರಲ್ಲಿ ಸೇತುವೆ ಕಟ್ಟುವಾಗ ಕೇಸರವಿಲ್ಲದ ಎರಡು ಗಂಡು ಸಿಂಹಗಳು ರಾತ್ರಿ ಡೇರೆಗಳಿಗೆ ನುಗ್ಗಿ ಕೂಲಿಗಳನ್ನು ಎಳೆದೊಯ್ದವು. ಸತ್ತವರು 135 ಎಂಬ ಮಾತು ಬಹಳ ಕಾಲ ಓಡಾಡಿತು. 2009ರಲ್ಲಿ ಆ ಸಿಂಹಗಳ ಮೂಳೆ, ಕೂದಲು ಪರೀಕ್ಷೆ ಮಾಡಿದವರು 35ರ ಆಸುಪಾಸು ಎಂದು ಅಂದಾಜು ಹೇಳಿದರು. ಎರಡನ್ನೂ ಗುಂಡಿಟ್ಟು ಕೊಂದ ಪ್ಯಾಟರ್ಸನ್ ಎಂಬ ಸೇನಾಧಿಕಾರಿ ಹೆಸರು ಮಾಡಿದ. ಸಿಂಹಗಳು ಈಗ ಷಿಕಾಗೋದ ಮ್ಯೂಸಿಯಂನಲ್ಲಿ ನಿಂತಿವೆ. ಆ ಹಳಿ ಹಾಕುವಾಗ ಸತ್ತ ಭಾರತೀಯರು ಒಟ್ಟು ಸುಮಾರು 2,500. ಅವರಲ್ಲಿ ರೋಗಕ್ಕೆ ಬಲಿಯಾದವರೇ ಹೆಚ್ಚು. ಆದರೆ ಜ್ವರ, ಭೇದಿಯ ಕಥೆ ಯಾರಿಗೆ ಬೇಕು, ಅಲ್ವಾ?

ಈಗ ಬೆಟ್ಟಕ್ಕೆ ಹೋಗೋಣ. ವೊಯ್‌ನಿಂದ ಮ್ವಾತಾತೆ ಹಾದು, ಬೆಟ್ಟದ ಮೇಲಿನ ವುಂಡಾನ್ಯಿ ಊರಿಗೆ ಮತಾತು, ಅಂದರೆ ಜನ ಸೇರಿ ಹೋಗುವ ಬಾಡಿಗೆ ವ್ಯಾನು ಸಿಗುತ್ತದೆ. ರಸ್ತೆ ಸುತ್ತಿ ಸುತ್ತಿ ಹತ್ತುತ್ತದೆ. ಹತ್ತಿದಂತೆ ಗಾಳಿ ತಣ್ಣಗಾಗುತ್ತದೆ. ಇಳಿಜಾರಿನಲ್ಲಿ ಮೆಕ್ಕೆಜೋಳ, ಬಾಳೆ, ತರಕಾರಿ. ಅತಿ ಎತ್ತರದ ವೂರಿಯಾ ಶಿಖರ 2,200 ಮೀಟರ್ ದಾಟುತ್ತದೆ. ಕಡಲಿನಿಂದ ಬರುವ ಮೋಡವನ್ನು ಈ ಬೆಟ್ಟ ತಡೆಯುತ್ತದೆ. ಅದಕ್ಕೇ ಸುತ್ತ ಬರಗಾಡಿದ್ದರೂ ಬೆಟ್ಟದ ನೆತ್ತಿಯಲ್ಲಿ ಮಂಜಿನ ಕಾಡು ಬೆಳೆದಿದೆ.

ಬೆಳೆದಿದೆ ಅಂದೆ, ಉಳಿದಿರುವುದು ಚೂರುಪಾರು. ಹೊಲಕ್ಕಾಗಿ ಕಡಿದು ಕಡಿದು ಅಲ್ಲೊಂದು ತುಂಡು, ಇಲ್ಲೊಂದು ತುಂಡು ಆಗಿದೆ. ಎನ್‌ಗಾಂಗಾವೊ, ಎಂಬೊಲೊಲೊ ಅಂಥ ಎರಡು ತುಂಡುಗಳು. ತೈತಾ ಥ್ರಷ್, ತೈತಾ ಅಪಾಲಿಸ್ ಎಂಬ ಹಕ್ಕಿಗಳು ಈ ಬೆಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಪಾಲಿಸ್ ಅಂತೂ ಅಳಿವಿನ ಅಂಚಿಗೆ ಬಂದಿದೆ. ಸಿಂಹ ನೋಡಲು ಅಷ್ಟು ದುಡ್ಡು ಕೊಡುವವರು ಈ ಪುಟ್ಟ ಹಕ್ಕಿಗೆ ಅರ್ಧ ದಿನ ಕೊಡಬಾರದೇ? ನನಗಂತೂ ತ್ಸಾವೊದ ಆನೆಗಿಂತ ಇದೇ ದೊಡ್ಡ ಸಂಗತಿ.

ತೈತಾ ಜನರ ಹಳೆಯ ಪದ್ಧತಿಯೊಂದನ್ನು ಹೇಳಲೇಬೇಕು. ಹಿರಿಯರು ತೀರಿಕೊಂಡರೆ ಮಣ್ಣು ಮಾಡುತ್ತಿದ್ದರು. ಕಾಲ ಕಳೆದ ಮೇಲೆ ತಲೆಬುರುಡೆಯನ್ನು ಹೊರತೆಗೆದು, ಕುಲದ ಗವಿಯಲ್ಲಿ ಸಾಲಾಗಿ ಇಡುತ್ತಿದ್ದರು. ಮಳೆ ಕೈಕೊಟ್ಟಾಗ, ಮನೆಯಲ್ಲಿ ಕಾಯಿಲೆ ಬಂದಾಗ ಅಲ್ಲಿಗೆ ಹೋಗಿ ಕೇಳಿಕೊಳ್ಳುತ್ತಿದ್ದರು. ಕ್ರೈಸ್ತ ಮಿಷನ್‌ಗಳು ಬಂದ ಮೇಲೆ ಪದ್ಧತಿ ನಿಂತಿತು, ಆದರೆ ಗವಿಗಳು ಉಳಿದಿವೆ. ಊರಿನ ಹಿರಿಯರನ್ನು ಕೇಳದೆ ಒಳಗೆ ಕಾಲಿಡಬೇಡಿ. ಫೋಟೋದ ವಿಷಯವನ್ನೂ ಅವರನ್ನೇ ಕೇಳಿ. ಅದು ಯಾರದೋ ಅಜ್ಜ, ಮುತ್ತಜ್ಜ.

ತವೇತಾ ಕಡೆ ಹೋದರೆ ಸಲೈಟಾ ಗುಡ್ಡ ಸಿಗುತ್ತದೆ. ಮೊದಲ ಮಹಾಯುದ್ಧದ ವೇಳೆ, 1916ರ ಫೆಬ್ರವರಿಯಲ್ಲಿ ಜರ್ಮನ್ ಪಡೆ ಇಲ್ಲಿ ಬ್ರಿಟಿಷ್ ಕಡೆಯವರನ್ನು ಹಿಮ್ಮೆಟ್ಟಿಸಿತು. ಆಗ ಹಿಂದೆ ಸರಿಯುತ್ತಿದ್ದವರಿಗೆ ರಕ್ಷಣೆಯಾಗಿ ನಿಂತದ್ದು ಭಾರತದಿಂದ ಹೋದ ಬಲೂಚಿ ಪಡೆ.

ಕೊಡಗು, ಹಾಸನದ ರೈತರು ವೊಯ್ ಪಕ್ಕದ ಸಗಲ್ಲಾವನ್ನು ನೋಡಬೇಕು. ಆನೆ ಹೊಲಕ್ಕೆ ನುಗ್ಗುವ ಕಷ್ಟ ಅಲ್ಲೂ ಇದೆ. ಅದಕ್ಕೆ ಅವರು ಹೊಲದ ಸುತ್ತ ಕಂಬ ನೆಟ್ಟು ಜೇನುಪೆಟ್ಟಿಗೆ ತೂಗುಹಾಕಿ, ಒಂದಕ್ಕೊಂದು ತಂತಿ ಕಟ್ಟಿದ್ದಾರೆ. ಆನೆ ತಂತಿ ತಳ್ಳಿದರೆ ಪೆಟ್ಟಿಗೆ ಅಲ್ಲಾಡಿ ಜೇನು ಏಳುತ್ತದೆ. ಜೇನು ಅಂದರೆ ಆನೆಗೆ ಆಗದು. ಎಲ್ಲ ಆನೆಯೂ ಹಿಂದೆ ಹೋಗುವುದಿಲ್ಲ, ಬರಗಾಲದಲ್ಲಿ ಜೇನೂ ಪೆಟ್ಟಿಗೆ ಬಿಡುತ್ತದೆ. ಆದರೂ ಬೆಳೆ ಎಷ್ಟೋ ಉಳಿಯುತ್ತದೆ, ಜೇನುತುಪ್ಪ ಮಾರಿದರೆ ನಾಲ್ಕು ಕಾಸು. 2021ರಲ್ಲಿ ಖಾದಿ ಆಯೋಗದವರು ಕೊಡಗಿನಲ್ಲೂ ಜೇನುಬೇಲಿಯ ಪ್ರಯೋಗ ಶುರು ಮಾಡಿದರು.

ಹೋಗುವುದಾದರೆ ಜೂನ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ. ನೀರಿದ್ದ ಕಡೆ ಪ್ರಾಣಿಗಳು ಸೇರುತ್ತವೆ. ಏಪ್ರಿಲ್-ಮೇ ಮಳೆಗೆ ಬೆಟ್ಟದ ಮಣ್ಣುದಾರಿ ಜಾರುತ್ತದೆ. ವುಂಡಾನ್ಯಿಯಲ್ಲಿ ಸಣ್ಣ ವಸತಿಗೃಹಗಳಿವೆ, ಸ್ವೆಟರ್ ಮರೆಯಬೇಡಿ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಚಪಾತಿ, ಬೇಯಿಸಿದ ಹುರುಳಿಕಾಯಿ ಬೀಜ, ಸೊಪ್ಪಿನ ಪಲ್ಯ ಚಿಕ್ಕ ಹೋಟೆಲಿನಲ್ಲೂ ಸಿಗುತ್ತದೆ.

ನಮಸ್ಕಾರ.