ಮೊದಲ ಓವರಿನ ವೈಡ್ ಕೊನೆಯ ಓವರಿನಲ್ಲೂ ವೈಡೇ!

ನಮಸ್ಕಾರ, ದಾವಣಗೆರೆಯಿಂದ ಮಾತನಾಡುತ್ತಿದ್ದೇನೆ. ಕಳೆದ ವಾರ ಟೆನ್ನಿಸ್ ಬಾಲ್ ಟೂರ್ನಿಗಳ ಅಂಪೈರಿಂಗ್ ಬಗ್ಗೆ ನಾಲ್ಕು ಮಾತು ಆಡಿದ್ದಕ್ಕೆ ಒಬ್ಬ ಮಹಾಶಯರು ಕೆಳಗೆ ಬರೆದಿದ್ದಾರೆ: "ವೈಡ್ ಕೊಡುವುದಕ್ಕೆ ಎರಡು ಕೈ ಇದ್ದರೆ ಸಾಕು ಸ್ವಾಮೀ, ಇದಕ್ಕೂ ಪಾಠವೇ?"

ಬೇಕು ಸ್ವಾಮೀ, ಪಾಠ ಬೇಕು. ಬ್ಯಾಟರ್‌ಗೆ ಎಟುಕದಷ್ಟು ಪಕ್ಕಕ್ಕೆ ಹೋದ ಚೆಂಡು ವೈಡ್, ಅದಕ್ಕೆ ಅಂಪೈರ್ ಎರಡೂ ಕೈ ಚಾಚುತ್ತಾರೆ. ಕೈ ಎಲ್ಲರಿಗೂ ಇವೆ. ಮೊದಲ ಓವರಿನಲ್ಲಿ ಯಾವ ಚೆಂಡಿಗೆ ಚಾಚಿದವೋ ಕೊನೆಯ ಓವರಿನಲ್ಲೂ ಅಂಥದ್ದೇ ಚೆಂಡಿಗೆ ಚಾಚಬೇಕು. ನನ್ನ ತಕರಾರು ಇಷ್ಟೇ.

ಆ ಕೈಗಳನ್ನೇ ಒಮ್ಮೆ ಗಮನಿಸಿ. ಚೆಂಡು ಇನ್ನೂ ಅರ್ಧ ದಾರಿ ಬಂದಿರುವುದಿಲ್ಲ, ಅಂಪೈರ್ ಸಾಹೇಬರ ಮೊಣಕೈ ಆಗಲೇ ಪಕ್ಕೆ ಬಿಟ್ಟು ಏಳುತ್ತದೆ. ಚೆಂಡು ಒಳಕ್ಕೆ ತಿರುಗಿ ಬೇಲ್ಸ್ ಸವರಿಕೊಂಡು ಹೋಯಿತೋ, ಅದೇ ಕೈಯಲ್ಲಿ ಟೋಪಿ ಸರಿಮಾಡಿಕೊಳ್ಳುತ್ತಾರೆ! ಚೆಂಡು ಬ್ಯಾಟರ್‌ನ ವಿಕೆಟ್ ದಾಟಿದ ಮೇಲೆಯೇ ವೈಡ್ ಕೊಡಬೇಕು ಎನ್ನುತ್ತದೆ ನಿಯಮ. ತಲೆ ಅಲುಗಿಸಬೇಡಿ, ಕೀಪರ್ ಕೈ ಸೇರುವವರೆಗೆ ಕಣ್ಣಿನಲ್ಲೇ ಹಿಂಬಾಲಿಸಿ, ಒಂದು ಉಸಿರು ತಡೆದು ಆಮೇಲೆ ತೀರ್ಪು ಕೊಡಿ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಕ್ಯಾಚರ್ ಹಿಂದೆ ಬಗ್ಗಿ ನಿಲ್ಲುವ ಅಂಪೈರ್‌ಗೂ ಇದನ್ನೇ ಕಲಿಸುತ್ತಾರೆ. ಅಲ್ಲಿ ಹೋಂ ಪ್ಲೇಟಿನ ಅಗಲ 17 ಅಂಗುಲ. ನಮ್ಮ ಸೀಮಿತ ಓವರುಗಳ ಆಟದಲ್ಲಿ ವೈಡ್ ಗೆರೆ ಇರುವುದು ರಿಟರ್ನ್ ಕ್ರೀಸಿನಿಂದ, ಅಂದರೆ ವಿಕೆಟ್‌ನ ಎರಡೂ ಪಕ್ಕ ಎಳೆದ ಉದ್ದ ಗೆರೆಯಿಂದ, 17 ಅಂಗುಲ ಒಳಗೆ. ಕಾಕತಾಳೀಯ, ಜ್ಯೋತಿಷಿಗಳು ದೂರವಿರಿ.

ಆದರೆ ನಮ್ಮ ಮೈದಾನಗಳಲ್ಲಿ ಆ ಗೆರೆ ಎಲ್ಲಿದೆ? ಪೆಂಡಾಲ್ ಇದೆ, ಸೌಂಡ್ ಬಾಕ್ಸ್ ಇದೆ, ಆಳೆತ್ತರದ ಟ್ರೋಫಿ ಇದೆ. ಒಂದು ಬೊಗಸೆ ಸುಣ್ಣಕ್ಕೆ ಮಾತ್ರ ಗತಿಯಿಲ್ಲ! ಗೆರೆ ಎಳೆಯಿರಿ, ಟಾಸ್ ವೇಳೆ ಎರಡೂ ನಾಯಕರಿಗೆ ತೋರಿಸಿ, ಮುಗಿಯಿತು. ಆಮೇಲೆ ಮೊದಲ ಓವರಿಗೂ ಅದೇ ಗೆರೆ, ಕೊನೆಯ ಓವರಿಗೂ ಅದೇ ಗೆರೆ.

"ಬ್ಯಾಟರ್ ಸರಿದಾಡಿದರೆ ಏನು ಮಾಡುವುದು?" ತಾನೇ ಸರಿದು ಚೆಂಡನ್ನು ದೂರ ಮಾಡಿಕೊಂಡರೆ ವೈಡ್ ಇಲ್ಲ. ನಿಯಮದಲ್ಲೇ ಇದೆ, ಓದಿ. "ಅಂಪೈರ್ ಕೂಡ ಮನುಷ್ಯನೇ ಅಲ್ಲವೇ?" ಬೌಲರ್ ಏನು ಎಮ್ಮೆಯೇ? ತಪ್ಪುವುದಾದರೆ ಎರಡೂ ತಂಡಕ್ಕೆ ಒಂದೇ ರೀತಿ ತಪ್ಪಿ, ನಾನು ತುಟಿ ಬಿಚ್ಚುವುದಿಲ್ಲ. ಕೊನೆಯ ಓವರ್ ಬರುತ್ತಿದ್ದಂತೆ ಸಂಘಟಕರು ಕೂತ ಪೆಂಡಾಲ್ ಕಡೆ ಅಂಪೈರ್ ಕತ್ತು ತಿರುಗುತ್ತದಲ್ಲ, ನನ್ನ ಪಿತ್ತ ಕೆರಳುವುದು ಅದಕ್ಕೆ. ಸೈಮನ್ ಟಫೆಲ್ 2004ರಿಂದ 2008ರವರೆಗೆ ಸತತ ಐದು ಸಲ ಐಸಿಸಿಯ ವರ್ಷದ ಅಂಪೈರ್ ಆದರು. ಪೆಂಡಾಲ್ ನೋಡಿ ಆದರೇ?

ಅಂದಹಾಗೆ, ಬೆಣ್ಣೆದೋಸೆ ಸಂಚಿಕೆ ನೋಡಿದವರಲ್ಲಿ ಅರ್ಧ ಜನ ಇನ್ನೂ ಚಂದಾದಾರರಾಗಿಲ್ಲ. ಆಗಿ, ದುಡ್ಡೇನೂ ಕೇಳುತ್ತಿಲ್ಲ.

ಮತ್ತೆ ಹೇಳುತ್ತೇನೆ, ಮೊದಲ ಓವರಿನ ವೈಡ್ ಕೊನೆಯ ಓವರಿನಲ್ಲೂ ವೈಡೇ! ಏಕೆ ಎಂದು ಕೇಳುತ್ತೀರಾ? ವೈಡ್ ಆದ್ದರಿಂದ! ಇನ್ನೇನು ಬೇಕು ನಿಮಗೆ? ಮುಂದಿನ ವಾರ ಸೊಂಟದೆತ್ತರದ ನೋಬಾಲ್‌ಗೆ ಬರುತ್ತೇನೆ. ಲೆಗ್ ಅಂಪೈರ್‌ಗಳೇ, ತಯಾರಾಗಿರಿ.